ಕಂದಾಯ ಪಾಲಿಕೆಗೆ, ವೋಟು ಗ್ರಾಮೀಣಕ್ಕೆ: ಕೌಲ್ ಬಜಾರ್‌ನವರು ಹೆಸರನ್ನು ಸಿಟಿಗೆ ಬದಲಿಸಿಕೊಳ್ಳಬೇಕೇ?

ಪ್ರಶ್ನೆ: ಸರ್, ನಮ್ಮ ಮನೆ ಬಳ್ಳಾರಿಯ ಕೌಲ್ ಬಜಾರ್‌ನಲ್ಲಿದೆ. ಮನೆ ಕಂದಾಯ ಕಟ್ಟುವುದು ಮಹಾನಗರ ಪಾಲಿಕೆಗೆ. ಆದರೆ ಎಂಎಲ್‌ಎ ಚುನಾವಣೆ ಬಂದರೆ ನಮ್ಮ ವೋಟು ಬಳ್ಳಾರಿ ಗ್ರಾಮೀಣಕ್ಕೆ. ರೈಲ್ವೆ ಗೇಟ್ ದಾಟಿದರೆ ನಮ್ಮ ಅಣ್ಣನ ಮನೆ, ಅವನ ವೋಟು ಬಳ್ಳಾರಿ ನಗರಕ್ಕೆ. ‘ಸಿಟಿ ಸೀಟು ಒಂದು ಸಲ ಬರೀ ಸಾವಿರ ವೋಟಿನಲ್ಲಿ ತೀರ್ಮಾನ ಆಗಿದೆ, ಇಲ್ಲಿ ಒಂದೊಂದು ವೋಟಿಗೂ ಬೆಲೆ ಇದೆ. ನಿಮ್ಮದು ಎಸ್‌ಟಿ ಮೀಸಲು, ನೀವು ಹಾಕಿದರೂ ಒಂದೇ, ಬಿಟ್ಟರೂ ಒಂದೇ. ನಿಮ್ಮ ಮನೆಯ ನಾಲ್ಕೂ ವೋಟು ನನ್ನ ವಿಳಾಸಕ್ಕೆ ಹಾಕಿಸಿಬಿಡಿ’ ಅಂತ ಅಣ್ಣ ಹೇಳುತ್ತಾನೆ. ಅಂತರ ಕಡಿಮೆ ಬಂದರೆ ತಾನಾಗೇ ಮರುಎಣಿಕೆ ಆಗುತ್ತದಂತೆ, ಯಾರು ಯಾರಿಗೆ ಹಾಕಿದರು ಅಂತ ಬೂತ್ ಏಜೆಂಟರಿಗೆ ತಿಳಿಯುತ್ತದಂತೆ, ನಿಜವೇ? ಮುಂದೆ ಕ್ಷೇತ್ರ ವಿಂಗಡಣೆ ಆದಾಗ ನಮ್ಮನ್ನು ಸಿಟಿಗೆ ಸೇರಿಸುತ್ತಾರಾ?

ಉತ್ತರ: ನೇರವಾದ ಮಾತು ಮೊದಲು. ಅಣ್ಣನ ಮನೆಗೆ ನಿಜವಾಗಿಯೂ ವಾಸಕ್ಕೆ ಹೋಗುತ್ತಿಲ್ಲ ಎಂದಾದರೆ ಹೆಸರು ಬದಲಿಸಬೇಡಿ. ಅದು ಕಾನೂನಿಗೆ ವಿರುದ್ಧ. ಜೊತೆಗೆ ಅಣ್ಣ ಹಾಕಿರುವ ಲೆಕ್ಕವೂ ಸರಿಯಿಲ್ಲ. ನೀವು ಬಿಟ್ಟು ಹೋಗಬೇಕೆಂದಿರುವ ಕ್ಷೇತ್ರವೂ 2008ರಿಂದ ಈಚೆಗೆ ಸಿಟಿಯಷ್ಟೇ ಸಲ ಮಗ್ಗುಲು ಬದಲಿಸಿದೆ.

ಊರು ಎರಡಾದದ್ದು 2008ರಲ್ಲಿ. ಅದಕ್ಕೆ ಮೊದಲು ಬಳ್ಳಾರಿ ಒಂದೇ ಸಾಮಾನ್ಯ ಕ್ಷೇತ್ರ. ಅಲ್ಲಿ 1999ರಲ್ಲಿ ಕಾಂಗ್ರೆಸ್ಸಿನ ಎಂ. ದಿವಾಕರ ಬಾಬು, 2004ರಲ್ಲಿ ಬಿಜೆಪಿಯ ಬಿ. ಶ್ರೀರಾಮುಲು ಗೆದ್ದಿದ್ದರು. 2001ರ ಜನಗಣತಿಯ ಆಧಾರದ ಮೇಲೆ ವಿಂಗಡಣೆ ನಡೆದಾಗ 94ನೇ ಕ್ಷೇತ್ರವಾಗಿ ಬಳ್ಳಾರಿ ನಗರ ಸಾಮಾನ್ಯವಾಯಿತು. ಕೌಲ್ ಬಜಾರ್ ಕಡೆಯ ವಾರ್ಡುಗಳು ಮೋಕಾ, ರೂಪನಗುಡಿ ಕಡೆಯ ಹಳ್ಳಿಗಳ ಜೊತೆ ಸೇರಿ 93ನೇ ಕ್ಷೇತ್ರವಾದವು, ಅದು ಪರಿಶಿಷ್ಟ ಪಂಗಡಕ್ಕೆ ಮೀಸಲಾಯಿತು. ಪಾಲಿಕೆಯ ಗಡಿ ಬೇರೆ, ವಿಧಾನಸಭೆಯ ಗಡಿ ಬೇರೆ. ಎರಡನ್ನೂ ಒಂದೇ ಗೆರೆಯಲ್ಲಿ ಎಳೆಯಬೇಕೆಂಬ ನಿಯಮ ಇಲ್ಲ. ಇದರಿಂದ ನಿಮಗೆ ನಷ್ಟವಾಗಿದೆ ಎಂದೂ ಅಲ್ಲ. ಕರ್ನಾಟಕ ಪೌರನಿಗಮಗಳ ಕಾಯ್ದೆಯ ಪ್ರಕಾರ ನಗರದ ಯಾವುದೇ ಭಾಗ ತಮ್ಮ ಕ್ಷೇತ್ರದೊಳಗೆ ಬರುವ ಶಾಸಕರು, ಸಂಸದರು ಪಾಲಿಕೆಯ ಸದಸ್ಯರೂ ಹೌದು, ಮೇಯರ್ ಚುನಾವಣೆಯಲ್ಲಿ ಅವರಿಗೆ ಮತವಿದೆ. ಬಳ್ಳಾರಿಯ 39 ವಾರ್ಡುಗಳ ಸಭೆಯಲ್ಲಿ ನಗರದ ಶಾಸಕರಿಗೆ ಕುರ್ಚಿ ಇರುವಂತೆ ಗ್ರಾಮೀಣದ ಶಾಸಕರಿಗೂ ಇದೆ.

‘ಮೀಸಲು ಕ್ಷೇತ್ರದಲ್ಲಿ ಬೇರೆಯವರ ವೋಟಿಗೆ ತೂಕವಿಲ್ಲ’ ಎಂಬ ಮಾತು ಕಲ್ಯಾಣ ಕರ್ನಾಟಕದ ಉದ್ದಕ್ಕೂ ಕಿವಿಗೆ ಬೀಳುತ್ತದೆ, ಮತ್ತು ಅದು ಪೂರಾ ತಪ್ಪು. ಮೀಸಲಾತಿ ಇರುವುದು ಅಭ್ಯರ್ಥಿಗೆ. ಮತದಾರರ ಪಟ್ಟಿ ಎಲ್ಲ ಜಾತಿ, ಧರ್ಮದವರಿಗೂ ಒಂದೇ. ಈ ಕ್ಷೇತ್ರದಲ್ಲಿ ಪರಿಶಿಷ್ಟ ಪಂಗಡದವರ ಮತದಿಂದ ಮಾತ್ರ ಯಾರೂ ಗೆಲ್ಲಲಾರರು. ಎದುರಾಳಿಗಳೆಲ್ಲ ಅದೇ ಪಂಗಡದವರಾದ್ದರಿಂದ ಆ ಮತಗಳು ಹಂಚಿಹೋಗುತ್ತವೆ. ಕೊನೆಗೆ ತೀರ್ಮಾನ ಮಾಡುವುದು ಕೌಲ್ ಬಜಾರ್‌ನ ಮುಸ್ಲಿಮರು, ಲಿಂಗಾಯತರು, ದಲಿತರು, ಕುರುಬರಂಥ ಉಳಿದವರ ಮತ.

ಇನ್ನು ಅಂತರದ ಲೆಕ್ಕ. ಅಣ್ಣ ಹೇಳುವ ಸಾವಿರದ ಅಂತರ ನಿಜ. 2008ರಲ್ಲಿ ಬಳ್ಳಾರಿ ನಗರದಲ್ಲಿ ಬಿಜೆಪಿಯ ಜಿ. ಸೋಮಶೇಖರ ರೆಡ್ಡಿ ಕಾಂಗ್ರೆಸ್ಸಿನ ಅನಿಲ್ ಲಾಡ್ ಅವರನ್ನು 1,022 ಮತಗಳಿಂದ ಸೋಲಿಸಿದರು. 512 ಜನ ಮನಸ್ಸು ಬದಲಿಸಿದ್ದರೆ ಫಲಿತಾಂಶ ತಿರುಗುತ್ತಿತ್ತು. ಆದರೆ ಅದೇ ಕ್ಷೇತ್ರದಲ್ಲಿ 2013ರಲ್ಲಿ ಅನಿಲ್ ಲಾಡ್ ಗೆದ್ದದ್ದು ಸುಮಾರು 18 ಸಾವಿರ ಮತಗಳಿಂದ, 2018ರಲ್ಲಿ ಸೋಮಶೇಖರ ರೆಡ್ಡಿ ಮರಳಿ ಗೆದ್ದದ್ದು ಸುಮಾರು 16 ಸಾವಿರದಿಂದ, 2023ರಲ್ಲಿ ಕಾಂಗ್ರೆಸ್ಸಿನ ನಾರಾ ಭರತ್ ರೆಡ್ಡಿ ಗೆದ್ದದ್ದು ಸುಮಾರು 38 ಸಾವಿರದಿಂದ. ಸಾವಿರದ ಅಂತರ ಒಂದೇ ಸಲದ್ದು.

2023ರ ಸಂಖ್ಯೆ ನೋಡಿ ಸಿಟಿ ಒಂದು ಪಕ್ಷದ ಭದ್ರಕೋಟೆ ಆಯಿತು ಎಂದುಕೊಂಡರೆ ಅದೂ ತಪ್ಪೇ. ಭರತ್ ರೆಡ್ಡಿಗೆ 86 ಸಾವಿರದ ಮೇಲೆ ಮತ ಬಂತು. ಎರಡನೇ ಸ್ಥಾನ ಗಾಲಿ ಜನಾರ್ದನ ರೆಡ್ಡಿ ಅವರ ಹೊಸ ಪಕ್ಷ ಕಲ್ಯಾಣ ರಾಜ್ಯ ಪ್ರಗತಿ ಪಕ್ಷದಿಂದ ನಿಂತ ಅವರ ಪತ್ನಿ ಅರುಣಾ ಲಕ್ಷ್ಮಿ ಅವರದು, 48 ಸಾವಿರದ ಮೇಲೆ. ಮೂರನೆಯವರು ಜನಾರ್ದನ ರೆಡ್ಡಿ ಅವರ ಸೋದರ, ಬಿಜೆಪಿಯ ಸೋಮಶೇಖರ ರೆಡ್ಡಿ, 37 ಸಾವಿರದ ಆಸುಪಾಸು. ಎರಡನ್ನೂ ಕೂಡಿಸಿದರೆ ಗೆದ್ದವರ ಮತಕ್ಕೆ ಹೆಚ್ಚುಕಡಿಮೆ ಸಮವಾಗುತ್ತದೆ. ಹಾಗಂತ ‘ಅಣ್ಣತಮ್ಮಂದಿರು ಒಂದಾಗಿದ್ದರೆ ಗೆಲ್ಲುತ್ತಿದ್ದರು’ ಎಂದು ತೀರ್ಪು ಕೊಡಲೂ ಬರುವುದಿಲ್ಲ. ಹೊಸ ಪಕ್ಷಕ್ಕೆ ಹಾಕಿದವರೆಲ್ಲ ಕಮಲಕ್ಕೆ ಹಾಕುತ್ತಿದ್ದರು ಎಂದು ಹೇಳುವ ದಾಖಲೆ ಎಲ್ಲೂ ಇಲ್ಲ. ಒಂದಷ್ಟು ಜನ ಕಾಂಗ್ರೆಸ್ ಬಿಟ್ಟು ಬಂದಿರಬಹುದು, ಒಂದಷ್ಟು ಜನ ಮನೆಯಲ್ಲೇ ಕೂರುತ್ತಿದ್ದವರು ಇರಬಹುದು. ಈಗ ಆ ಪಕ್ಷ ಬಿಜೆಪಿಯಲ್ಲಿ ವಿಲೀನವಾಗಿದೆ, ಹಾಗಾಗಿ 2023ರ ಅಂತರವನ್ನು ಮುಂದಿನ ಚುನಾವಣೆಗೆ ಹಾಗೇ ಎತ್ತಿ ಇಡಲು ಸಾಧ್ಯವಿಲ್ಲ. ಅಂತರ ನೋಡುವ ಮೊದಲು ಕಣದಲ್ಲಿ ಗಟ್ಟಿ ಅಭ್ಯರ್ಥಿಗಳು ಎಷ್ಟು ಜನ ಇದ್ದರು ಎಂದು ನೋಡಿ. ಬಳ್ಳಾರಿಯಲ್ಲಿ ಇಬ್ಬರ ನೇರ ಹಣಾಹಣಿ ಆದಾಗಿನ ಅಂಕಿಗೂ ಮೂವರ ಕಣದ ಅಂಕಿಗೂ ತಾಳೆ ಹಾಕಬಾರದು.

ಈಗ ನಿಮ್ಮ ಕ್ಷೇತ್ರಕ್ಕೆ ಬನ್ನಿ. 2008ರಿಂದ 2014ರವರೆಗಿನ ಆರು ವರ್ಷಗಳಲ್ಲಿ ಬಳ್ಳಾರಿ ಗ್ರಾಮೀಣ ನಾಲ್ಕು ಚುನಾವಣೆ ಕಂಡಿತು. 2008ರಲ್ಲಿ ಶ್ರೀರಾಮುಲು ಬಿಜೆಪಿಯಿಂದ ಗೆದ್ದರು. 2011ರಲ್ಲಿ ರಾಜೀನಾಮೆ ಕೊಟ್ಟು ಉಪಚುನಾವಣೆಯಲ್ಲಿ ಪಕ್ಷೇತರರಾಗಿ ನಿಂತು 46 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. 2013ರಲ್ಲಿ ತಮ್ಮದೇ ಬಿಎಸ್‌ಆರ್ ಕಾಂಗ್ರೆಸ್ಸಿನಿಂದ ಗೆದ್ದರು. 2014ರಲ್ಲಿ ಅವರು ಲೋಕಸಭೆಗೆ ಹೋದ ಮೇಲೆ ನಡೆದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಎನ್.ವೈ. ಗೋಪಾಲಕೃಷ್ಣ ಗೆದ್ದರು. ನಾಲ್ಕು ಚುನಾವಣೆ, ಗೆದ್ದದ್ದು ನಾಲ್ಕು ಬೇರೆ ಬೇರೆ ಚಿಹ್ನೆ. 2018ರಲ್ಲಿ ಕಾಂಗ್ರೆಸ್ಸಿನ ಬಿ. ನಾಗೇಂದ್ರ ಬಿಜೆಪಿಯ ಸಣ್ಣ ಫಕ್ಕೀರಪ್ಪ ಅವರನ್ನು ಸೋಲಿಸಿದ್ದು 2,679 ಮತಗಳಿಂದ ಮಾತ್ರ. 2023ರಲ್ಲಿ ಅದೇ ನಾಗೇಂದ್ರ ಸ್ವತಃ ಶ್ರೀರಾಮುಲು ಎದುರು 29,300 ಮತಗಳಿಂದ ಗೆದ್ದರು. ಇಂಥ ಕ್ಷೇತ್ರದಲ್ಲಿ ‘ಹಾಕಿದರೂ ಒಂದೇ, ಬಿಟ್ಟರೂ ಒಂದೇ’ ಎನ್ನುವ ಮಾತಿಗೆ ಆಧಾರವೇ ಇಲ್ಲ.

ಲೋಕಸಭೆಯ ಮತದಾನದಲ್ಲಂತೂ ನೀವೂ ನಿಮ್ಮ ಅಣ್ಣನೂ ಒಂದೇ ಕ್ಷೇತ್ರದವರು. 1999ರಲ್ಲಿ ಸೋನಿಯಾ ಗಾಂಧಿ ಸುಷ್ಮಾ ಸ್ವರಾಜ್ ಅವರನ್ನು 56,100 ಮತಗಳಿಂದ ಸೋಲಿಸಿದ್ದು ಎಲ್ಲರಿಗೂ ಬಾಯಿಪಾಠ. ಅದಕ್ಕಿಂತ ಹೆಚ್ಚು ಕಲಿಸುವುದು ಆಮೇಲಿನ ಇತಿಹಾಸ. 2004ರಲ್ಲಿ ಮೊದಲ ಬಾರಿ ಬಿಜೆಪಿ ಗೆದ್ದಿತು. 2009ರಲ್ಲಿ ಬಿಜೆಪಿಯ ಜೆ. ಶಾಂತಾ ಗೆದ್ದದ್ದು 2,243 ಮತಗಳಿಂದ, ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ಒಂದಕ್ಕೆ 280. 2018ರ ನವೆಂಬರಿನ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ 2,43,161 ಮತಗಳಿಂದ ಗೆದ್ದರು. ಆರೇ ತಿಂಗಳಲ್ಲಿ, 2019ರ ಮೇ ತಿಂಗಳಲ್ಲಿ ಎಣಿಕೆ ಆದಾಗ ಅದೇ ಉಗ್ರಪ್ಪ ಬಿಜೆಪಿಯ ವೈ. ದೇವೇಂದ್ರಪ್ಪ ಎದುರು 55,707 ಮತಗಳಿಂದ ಸೋತರು. 2024ರಲ್ಲಿ ಕಾಂಗ್ರೆಸ್ಸಿನ ಇ. ತುಕಾರಾಂ ಶ್ರೀರಾಮುಲು ಅವರನ್ನು 98 ಸಾವಿರಕ್ಕೂ ಹೆಚ್ಚು ಅಂತರದಿಂದ ಸೋಲಿಸಿದರು. ಹಿಂದಿನ ಸಲದ ಅಂತರವನ್ನು ನಂಬಿ ಮನೆಯಲ್ಲಿ ಕೂತವರು ಈ ಜಿಲ್ಲೆಯಲ್ಲಿ ಪದೇಪದೇ ಕೈಸುಟ್ಟುಕೊಂಡಿದ್ದಾರೆ.

ಕಡಿಮೆ ಅಂತರ ಎಲ್ಲಿಂದ ಬರುತ್ತದೆ? ಅರ್ಧ ಪಾಲು ಮತದಾನದ ಪ್ರಮಾಣದಿಂದ. ಸಾವಿರ ಮತದಾರರ ಒಂದು ಬೂತು ತೆಗೆದುಕೊಳ್ಳಿ. ಮತದಾನ ಶೇ. 60ರಿಂದ 70ಕ್ಕೆ ಏರಿದರೆ 100 ಮತ ಹೆಚ್ಚಾಗುತ್ತದೆ. ಆ ನೂರು 60ಕ್ಕೆ 40ರಂತೆ ಹಂಚಿಕೆಯಾದರೆ ಒಬ್ಬ ಅಭ್ಯರ್ಥಿಗೆ 20ರ ಲೀಡ್. ಇಂಥ 52 ಬೂತುಗಳಿದ್ದರೆ 1,040, ಅಂದರೆ 2008ರ ಸಿಟಿ ಅಂತರ ಅಲ್ಲಿಗೇ ಮುಗಿಯಿತು. ಒಬ್ಬ ಮತದಾರನೂ ಪಕ್ಷ ಬದಲಿಸಬೇಕಾಗಿಲ್ಲ.

ಇನ್ನರ್ಧ ಪಾಲು ಮತದಾರರ ಪಟ್ಟಿಯದು. ಸತ್ತವರ ಹೆಸರು, ಬಾಡಿಗೆ ಮನೆ ಬಿಟ್ಟು ಹೋದವರ ಹೆಸರು, ಒಬ್ಬರದೇ ಎರಡು ಹೆಸರು ಒಂದು ಕಡೆ. ಇನ್ನೊಂದು ಕಡೆ ಊರಲ್ಲೇ ಇರುವವರ ಹೆಸರು ಮಾಯ. 2023ರ ಚುನಾವಣೆಗೆ ಮೊದಲು ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ ಸರಿ ಕಂಡದ್ದು 24 ಮಾತ್ರ. ಅಲ್ಲಿ ಗೆಲುವಿನ ಅಂತರ 10 ಸಾವಿರದ ಮೇಲಿತ್ತು, ಸರಿ. ಅಷ್ಟೇ ಅರ್ಜಿಗಳು 2018ರ ಬಳ್ಳಾರಿ ಗ್ರಾಮೀಣದಂಥ ಕಣದಲ್ಲಿ ಯಾರ ಗಮನಕ್ಕೂ ಬಾರದೆ ಪಾಸಾಗಿದ್ದರೆ ಏನಾಗುತ್ತಿತ್ತು ಎಂದು ನೀವೇ ಲೆಕ್ಕ ಹಾಕಿ.

ಅಣ್ಣನ ಸಲಹೆಯ ವಿಷಯ. ಪ್ರಜಾಪ್ರತಿನಿಧಿ ಕಾಯ್ದೆ 1950ರ ಪ್ರಕಾರ ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲೇ ಹೆಸರು. ಇನ್ನೊಂದು ಕಡೆ ಮನೆ ಇದೆ ಎಂದ ಮಾತ್ರಕ್ಕೆ ಅಲ್ಲಿಯ ವಾಸಿ ಆಗುವುದಿಲ್ಲ ಎಂದು 20ನೇ ಕಲಂ ನೇರವಾಗಿ ಹೇಳುತ್ತದೆ, ನಿಮಗಂತೂ ಅದು ಅಣ್ಣನ ಮನೆ. ವಿಳಾಸ ಬದಲಾವಣೆಗೆ ಇರುವುದು ನಮೂನೆ 8. ಅದರಲ್ಲಿ ನೀವು ಸಹಿ ಮಾಡುವ ಘೋಷಣೆ ಸುಳ್ಳಾದರೆ 31ನೇ ಕಲಂನಡಿ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ‘ಎರಡೂ ಕಡೆ ಇರಲಿ’ ಎಂಬುದು ಇನ್ನೂ ಕೆಟ್ಟದ್ದು. ಎರಡು ಕ್ಷೇತ್ರದಲ್ಲಿ ಮತ ಹಾಕಿದರೆ ಎರಡೂ ಅಸಿಂಧು. ಇದೆಲ್ಲದರ ಆಚೆ ಯಾರೂ ಯೋಚಿಸದ ನಷ್ಟ ಇನ್ನೊಂದಿದೆ: ಪಾಲಿಕೆ ಚುನಾವಣೆಯ ವಾರ್ಡ್ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯಿಂದಲೇ. ಹೆಸರು ಅಣ್ಣನ ವಿಳಾಸಕ್ಕೆ ಹೋದರೆ ನಿಮ್ಮ ಓಣಿಯ ಚರಂಡಿ, ನಲ್ಲಿ ನೀರು ನೋಡುವ ಕಾರ್ಪೊರೇಟರನ್ನು ಆರಿಸುವ ಹಕ್ಕೂ ಜೊತೆಗೇ ಹೋಯಿತು.

ನಾಳೆ ನಿಜವಾಗಿ ಮನೆ ಬದಲಿಸಿದರೆ ಮಾತ್ರ ನಮೂನೆ 8 ತುಂಬಿ. ಒಬ್ಬೊಬ್ಬರಿಗೆ ಒಂದೊಂದು ಅರ್ಜಿ. ಹೊಸ ವಿಳಾಸಕ್ಕೆ ವಿದ್ಯುತ್, ನೀರು ಅಥವಾ ಗ್ಯಾಸ್ ಬಿಲ್ಲು, ಆಧಾರ್, ಬ್ಯಾಂಕ್ ಪಾಸ್‌ಬುಕ್, ನೋಂದಾಯಿತ ಬಾಡಿಗೆ ಕರಾರು ಇವುಗಳಲ್ಲಿ ಒಂದು ಸಾಕು. ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಒ) ಬಂದು ನೋಡುತ್ತಾರೆ, ಆಗ ಮನೆಯಲ್ಲಿ ಇರಿ. ಅರ್ಜಿ ಒಪ್ಪಿದ ಮೇಲೆ ಹಳೆಯ ಕಡೆಯ ಹೆಸರು ಹೋಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ, ಎಷ್ಟೋ ಸಲ ಅಲ್ಲೇ ಉಳಿದಿರುತ್ತದೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಪಟ್ಟಿಗೆ ಕೈ ಹಚ್ಚುವಂತಿಲ್ಲ. ಆಕ್ಷೇಪಣೆಗೆ ಏಳು ದಿನ ಬಿಡಬೇಕಾದ್ದರಿಂದ ಚುನಾವಣೆ ಘೋಷಣೆ ಆದ ಮೇಲೆ ಓಡಾಡಿದರೆ ಕೆಲಸ ಕೆಡುತ್ತದೆ.

ಬೂತ್ ಏಜೆಂಟರಿಗೆ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ? ನೀವು ಬಂದು ಮತ ಹಾಕಿದಿರಿ ಎಂಬುದು ತಿಳಿಯುತ್ತದೆ, ಪಟ್ಟಿಯಲ್ಲಿ ಹೆಸರಿನ ಮೇಲೆ ಗೆರೆ ಎಳೆದುಕೊಳ್ಳುತ್ತಾರೆ. ಎಣಿಕೆಯ ದಿನ ನಿಮ್ಮ ಬೂತಿನಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಬಂತು ಎಂಬುದೂ ತಿಳಿಯುತ್ತದೆ, ಏಕೆಂದರೆ ಪ್ರತಿ ಮತಯಂತ್ರದ ಫಲಿತಾಂಶ ಬೇರೆ ಬೇರೆಯಾಗಿ ಬರುತ್ತದೆ. ನೀವು ಯಾವ ಗುಂಡಿ ಒತ್ತಿದಿರಿ ಎಂಬುದು ಯಾರಿಗೂ ತಿಳಿಯುವುದಿಲ್ಲ. ಯಂತ್ರದಲ್ಲಿ ಹೆಸರು ದಾಖಲಾಗುವುದಿಲ್ಲ, ಮತ ಯಾರಿಗೆ ಬಿತ್ತೆಂದು ನಿಮಗೆ ತೋರಿಸುವ ವಿವಿಪ್ಯಾಟ್ ಚೀಟಿಯಲ್ಲೂ ಇರುವುದಿಲ್ಲ. ‘ನಿಮ್ಮ ಓಣಿ ನಮಗೆ ಲೀಡ್ ಕೊಡಲಿಲ್ಲ’ ಎಂದು ಯಾರಾದರೂ ಗದರಿಸಿದರೆ ಅದು ಇಡೀ ಬೂತಿನ ಲೆಕ್ಕ, ನಿಮ್ಮದಲ್ಲ. ಆದರೂ ಸಣ್ಣ ಬೂತುಗಳಲ್ಲಿ ಈ ಮಾತು ಜನರನ್ನು ಅಂಜಿಸುತ್ತದೆ ಎಂಬುದು ನಿಜ. ಹಲವು ಬೂತುಗಳ ಮತ ಒಟ್ಟಿಗೆ ಕೂಡಿಸಿ ಎಣಿಸುವ ಯಂತ್ರದ ಪ್ರಸ್ತಾಪ ಬಂದಿತ್ತು, ಜಾರಿಯಾಗಲಿಲ್ಲ. ಆಗಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅದೇ ಬೂತುವಾರು ಲೆಕ್ಕ ನಿಮಗೂ ಸಿಗುತ್ತದೆ. ಅದರ ಹೆಸರು ನಮೂನೆ 20, ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಕ್ಷೇತ್ರವಾರು ಇರುತ್ತದೆ, ನಿಮ್ಮದು 93. ಓದುವಾಗ ಒಂದು ಎಚ್ಚರ: ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಬೂತ್ ಸಂಖ್ಯೆ ಬದಲಾಗುತ್ತದೆ. 2018ರ 40ನೇ ಬೂತೂ 2023ರ 40ನೇ ಬೂತೂ ಒಂದೇ ಅಂದುಕೊಂಡು ಹೋಲಿಸಿದವರು ಪೂರ್ತಿ ದಾರಿ ತಪ್ಪುತ್ತಾರೆ. ಶಾಲೆಯ ಹೆಸರು, ಕೊಠಡಿ ನೋಡಿ ತಾಳೆ ಮಾಡಿ.

ಮರುಎಣಿಕೆ ತಾನಾಗೇ ಆಗುವುದಿಲ್ಲ, ಒಂದು ಮತದ ಅಂತರವಿದ್ದರೂ ಆಗುವುದಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ. ಚುನಾವಣಾ ನಿಯಮ 63ರಂತೆ ಒಟ್ಟು ಮತ ಓದಿ ಹೇಳಿದ ಮೇಲೆ, ಗೆಲುವಿನ ಘೋಷಣೆಗೆ ಸಹಿ ಬೀಳುವ ಮೊದಲು, ಅಭ್ಯರ್ಥಿಯೋ ಏಜೆಂಟರೋ ಕಾರಣ ಬರೆದು ಲಿಖಿತ ಅರ್ಜಿ ಕೊಡಬೇಕು. ಚುನಾವಣಾಧಿಕಾರಿ ಅದನ್ನು ಪೂರ್ತಿ ಒಪ್ಪಬಹುದು, ಭಾಗಶಃ ಒಪ್ಪಬಹುದು, ಕಾರಣ ಬರೆದು ತಳ್ಳಲೂಬಹುದು. ‘ಅನುಮಾನ ಇದೆ’ ಎಂದು ಬರೆದರೆ ನಿಲ್ಲುವುದಿಲ್ಲ. ಇಂಥ ಬೂತಿನ ನಮೂನೆ 17ಸಿಯಲ್ಲಿ ಚಲಾವಣೆಯಾದ ಮತ ಇಷ್ಟು, ಎಣಿಕೆಯಲ್ಲಿ ಬಂದದ್ದು ಇಷ್ಟು ಎಂದು ತೋರಿಸಬೇಕು. ಅದಕ್ಕೇ ಮತದಾನ ಮುಗಿದ ಸಂಜೆ ಮತಗಟ್ಟೆ ಅಧಿಕಾರಿ ಕೊಡುವ 17ಸಿ ಪ್ರತಿಯನ್ನು ಬಿಟ್ಟು ಮನೆಗೆ ಹೋದ ಏಜೆಂಟ್ ತನ್ನ ಅಭ್ಯರ್ಥಿಯ ಕೈ ಕಟ್ಟಿಹಾಕಿದ ಹಾಗೆಯೇ.

ಮತಯಂತ್ರ ಎಷ್ಟು ಸಲ ಒತ್ತಿದರೂ ಅದೇ ಸಂಖ್ಯೆ ತೋರಿಸುತ್ತದೆ. ತಪ್ಪು ನುಸುಳುವುದು ಪಟ್ಟಿಗೆ ಬರೆದುಕೊಳ್ಳುವಾಗ, ಯಂತ್ರದ ಪರೀಕ್ಷೆಗೆಂದು ಮೊದಲೇ ನಡೆಸುವ ಅಣಕು ಮತದಾನದ ಮತ ಅಳಿಸದೇ ಉಳಿದಾಗ, ಮತ್ತು ಅಂಚೆ ಮತದಲ್ಲಿ. ಅಂಚೆ ಮತದ ಬಗ್ಗೆ ಚುನಾವಣಾ ಆಯೋಗದ ಕಡ್ಡಾಯ ಸೂಚನೆಯೊಂದಿದೆ: ತಿರಸ್ಕೃತ ಅಂಚೆ ಮತಗಳ ಸಂಖ್ಯೆ ಗೆಲುವಿನ ಅಂತರಕ್ಕಿಂತ ಹೆಚ್ಚಿದ್ದರೆ ಅವನ್ನೆಲ್ಲ ಘೋಷಣೆಗೆ ಮೊದಲು ಮತ್ತೆ ಪರಿಶೀಲಿಸಬೇಕು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ತಡರಾತ್ರಿಯವರೆಗೆ ಜಗ್ಗಾಟ ನಡೆದು ಕೊನೆಗೆ 16 ಮತಗಳ ಅಂತರ ಉಳಿದದ್ದು ನೆನಪಿರಬಹುದು.

ಘೋಷಣೆ ಆದ ಮೇಲೆ ಉಳಿಯುವುದು ಹೈಕೋರ್ಟಿನ ಚುನಾವಣಾ ತಕರಾರು ಅರ್ಜಿ. 45 ದಿನದೊಳಗೆ ಹಾಕಬೇಕು. ಅಭ್ಯರ್ಥಿಯೇ ಆಗಬೇಕೆಂದಿಲ್ಲ, ಆ ಕ್ಷೇತ್ರದ ಮತದಾರನೂ ಹಾಕಬಹುದು, ಭದ್ರತಾ ಠೇವಣಿ 2,000 ರೂಪಾಯಿ. ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ನಡೆಯುವುದು ಬೇರೆ. ರಾಯಚೂರು ಜಿಲ್ಲೆಯ ಮಸ್ಕಿ ಇದಕ್ಕೆ ಉದಾಹರಣೆ. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲ ಬಿಜೆಪಿಯ ಬಸನಗೌಡ ತುರ್ವಿಹಾಳ ಎದುರು 213 ಮತಗಳಿಂದ ಗೆದ್ದರು. ತಕರಾರು ಅರ್ಜಿ ಕೋರ್ಟಿಗೆ ಹೋಯಿತು. 2019ರಲ್ಲಿ ಪಾಟೀಲರು ರಾಜೀನಾಮೆ ಕೊಟ್ಟರು. ಅದೇ ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದರೂ ಅರ್ಜಿ ಬಾಕಿ ಇದ್ದ ಕಾರಣ ಮಸ್ಕಿ ಹೊರಗುಳಿಯಿತು. ಮತದಾನ ಆದದ್ದು 2021ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಇಬ್ಬರೂ ಪಕ್ಷ ಅದಲುಬದಲು ಮಾಡಿಕೊಂಡಿದ್ದರು. ಕಾಂಗ್ರೆಸ್ಸಿಗೆ ಬಂದಿದ್ದ ತುರ್ವಿಹಾಳ 30 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ನಡುವಿನ ಒಂದೂಮುಕ್ಕಾಲು ವರ್ಷ ಮಸ್ಕಿಯ ರೈತರ ಪರವಾಗಿ ವಿಧಾನಸಭೆಯಲ್ಲಿ ಎದ್ದು ನಿಲ್ಲಲು ಶಾಸಕರೇ ಇರಲಿಲ್ಲ. ತಕರಾರು ಹಾಕುವ ಹಕ್ಕು ದೊಡ್ಡದು, ಅದರ ಬೆಲೆಯನ್ನು ಕೆಲವೊಮ್ಮೆ ಇಡೀ ಕ್ಷೇತ್ರ ತೆರಬೇಕಾಗುತ್ತದೆ.

ಮತದಾನದ ದಿನ ನಿಮಗಿಂತ ಮೊದಲೇ ಯಾರೋ ನಿಮ್ಮ ಹೆಸರಲ್ಲಿ ಮತ ಹಾಕಿಬಿಟ್ಟಿದ್ದರೆ ಜಗಳ ಮಾಡಿ ವಾಪಸ್ ಬರಬೇಡಿ. ಗುರುತು ಸಾಬೀತು ಮಾಡಿ ಟೆಂಡರ್ ವೋಟ್ ಕೇಳಿ, ಕಾಗದದ ಮತಪತ್ರ ಕೊಡಬೇಕು. ಅದು ಎಣಿಕೆಯ ದಿನ ಲೆಕ್ಕಕ್ಕೆ ಬರುವುದಿಲ್ಲ. ಆದರೆ ನಮೂನೆ 20ರಲ್ಲಿ ದಾಖಲಾಗುತ್ತದೆ, ಪ್ರಕರಣ ಕೋರ್ಟಿಗೆ ಹೋದರೆ ಗಟ್ಟಿ ಸಾಕ್ಷಿ ಅದೇ.

ಕೊನೆಯ ಪ್ರಶ್ನೆ, ಕ್ಷೇತ್ರ ವಿಂಗಡಣೆ. ಸಂವಿಧಾನದ 170ನೇ ವಿಧಿಯಂತೆ 2026ರ ನಂತರದ ಮೊದಲ ಜನಗಣತಿಯ ಅಂಕಿ ಪ್ರಕಟವಾಗುವವರೆಗೆ ಈಗಿನ ಗಡಿಗಳೇ. ಆಮೇಲೆ ಕೌಲ್ ಬಜಾರ್ ಸಿಟಿಗೆ ಸೇರುತ್ತದೆಯೇ ಎಂದು ಈಗ ಭರವಸೆ ಕೊಡುವವರ ಮಾತು ನಂಬಬೇಡಿ. ಹಿಂದಿನ ಸಲ ನಡೆದ ಕ್ರಮ ಹೀಗಿತ್ತು: ಆಯೋಗ ಕರಡು ಪ್ರಕಟಿಸಿ, ಆಕ್ಷೇಪಣೆಗೆ ದಿನ ಕೊಟ್ಟು, ಸಾರ್ವಜನಿಕ ಸಭೆ ನಡೆಸಿ, ಅಂತಿಮ ಆದೇಶ ಹೊರಡಿಸಿತು. ಕ್ಷೇತ್ರ ಒತ್ತಟ್ಟಿಗಿರಬೇಕು, ಆಡಳಿತದ ಗಡಿ, ಸಂಪರ್ಕ, ಜನರ ಅನುಕೂಲ ನೋಡಬೇಕು ಎಂಬುದು ಅದರ ಮಾನದಂಡ. ಪರಿಶಿಷ್ಟ ಪಂಗಡದ ಮೀಸಲು ಹೋಗುವುದು ಅವರ ಪ್ರಮಾಣ ಹೆಚ್ಚಿರುವ ಕಡೆಗೆ. ಕರಡು ಬಂದಾಗ ‘ನಮ್ಮನ್ನು ಸಿಟಿಗೆ ಸೇರಿಸಿ’ ಎಂಬ ಮನವಿ ಪತ್ರಕ್ಕೆ ಸಾವಿರ ಸಹಿ ಹಾಕಿಸುವುದರಲ್ಲಿ ಶಕ್ತಿ ಕಳೆಯಬೇಡಿ. ವಾರ್ಡ್ ಸಂಖ್ಯೆ, ಆ ವಾರ್ಡಿನ ಜನಸಂಖ್ಯೆ, ಅದನ್ನು 94ಕ್ಕೆ ಕೂಡಿಸಿ 93ರಿಂದ ಕಳೆದರೆ ಎರಡೂ ಕ್ಷೇತ್ರಗಳ ಒಟ್ಟು ಎಷ್ಟಾಗುತ್ತದೆ, 93ರ ಕೊರತೆ ತುಂಬಲು ಯಾವ ಹಳ್ಳಿಗಳನ್ನು ಎಲ್ಲಿಂದ ತರಬೇಕು, ಇವಿಷ್ಟನ್ನು ನಕಾಶೆಯ ಜೊತೆ ಎರಡು ಪುಟದಲ್ಲಿ ಬರೆದುಕೊಡಿ. ಕಳೆದದ್ದನ್ನು ಎಲ್ಲಿಂದ ತುಂಬಬೇಕೆಂದು ಹೇಳದ ಅರ್ಜಿಯನ್ನು ಆಯೋಗ ಒಪ್ಪುವುದು ಕಷ್ಟ.